ಹಳೆಯ ಕಾರು, ಹಳೆಯ ಕಾಗದ: ‘ಓಲ್ಡ್ ನಂಬರ್ ಒನ್’ ಬೆಂಟ್ಲಿ ಕಲಿಸುವ ಲೆಕ್ಕ

1990ರ ಜುಲೈ ತಿಂಗಳಿನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಅಪರೂಪದ ವ್ಯಾಜ್ಯವೊಂದು ತೀರ್ಮಾನವಾಯಿತು. ವಿವಾದದ ವಸ್ತು ಒಂದು ಹಳೆಯ ಬೆಂಟ್ಲಿ ಕಾರು. ಒಪ್ಪಂದದ ಬೆಲೆ ಒಂದು ಕೋಟಿ ಪೌಂಡು. ಕೊಳ್ಳಲು ಒಪ್ಪಿದ್ದ ಸಂಸ್ಥೆಯು ‘ಇದು ನೀವು ಹೇಳಿದ ಆ ಕಾರೇ ಅಲ್ಲ’ ಎಂದು ಹಿಂದೆ ಸರಿಯಿತು. ಮಾರಲು ಒಪ್ಪಿದ್ದ ಮಾಲೀಕರು ‘ಇದು ಅದೇ ಕಾರು, ಒಪ್ಪಂದದಂತೆ ನಡೆದುಕೊಳ್ಳಿ’ ಎಂದು ನ್ಯಾಯಾಲಯದ ಬಾಗಿಲು ತಟ್ಟಿದರು. ಹಬ್ಬರ್ಡ್ ವಿರುದ್ಧ ಮಿಡಲ್‌ಬ್ರಿಜ್ ಸಿಮಿಟಾರ್ ಎಂದು ಹೆಸರಾದ ಈ ಪ್ರಕರಣವು ಮೇಲ್ನೋಟಕ್ಕೆ ಶ್ರೀಮಂತರ ಹವ್ಯಾಸದ ಜಗಳವೆಂದು ತೋರಬಹುದು. ಆದರೆ ಗಿರಣಿ, ಅಂಗಡಿ, ಕಾರ್ಖಾನೆಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ನಮ್ಮ ಸದಸ್ಯ ಬಾಂಧವರಿಗೆ ಅದರಲ್ಲಿ ನೇರವಾಗಿ ಅನ್ವಯಿಸುವ ಪಾಠವಿದೆ. ಆ ಪಾಠವನ್ನು ನಾನು ಕಲಿತದ್ದು ತಡವಾಗಿ, ಅದೂ ನನ್ನದೇ ತಪ್ಪಿನಿಂದ ಎಂಬುದನ್ನು ಮೊದಲೇ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇನೆ.

ಕಾರಿನ ಪೂರ್ವಚರಿತ್ರೆ

ಡಬ್ಲ್ಯು. ಓ. ಬೆಂಟ್ಲಿಯವರು 1919ರಲ್ಲಿ ಸ್ಥಾಪಿಸಿದ ಬೆಂಟ್ಲಿ ಮೋಟಾರ್ಸ್ ಸಂಸ್ಥೆಯು ಉತ್ಕೃಷ್ಟ ಕಾರುಗಳನ್ನು ತಯಾರಿಸುತ್ತಿತ್ತಾದರೂ ಸದಾ ಬಂಡವಾಳದ ಕೊರತೆಯಿಂದ ನರಳುತ್ತಿತ್ತು. 1926ರಲ್ಲಿ ಕಿಂಬರ್ಲಿಯ ವಜ್ರದ ವ್ಯಾಪಾರದಿಂದ ಸಿರಿವಂತವಾಗಿದ್ದ ಮನೆತನದ ವುಲ್ಫ್ ಬರ್ನಾಟೊ ಬಂಡವಾಳ ಹೂಡಿ ಸಂಸ್ಥೆಯ ಅಧ್ಯಕ್ಷರಾದರು. ಇವರು ಬರಿಯ ಹೂಡಿಕೆದಾರರಲ್ಲ, ಸ್ವತಃ ಶ್ರೇಷ್ಠ ಚಾಲಕರು. ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಸ್ಪರ್ಧೆಯಲ್ಲಿ ಮೂರು ಬಾರಿ ಭಾಗವಹಿಸಿ 1928, 1929 ಮತ್ತು 1930ರಲ್ಲಿ ಮೂರೂ ಬಾರಿ ಗೆದ್ದವರು.

ಆರೂವರೆ ಲೀಟರ್ ಇಂಜಿನ್ನಿನ ‘ಸ್ಪೀಡ್ ಸಿಕ್ಸ್’ ಮಾದರಿಯ ಒಂದು ರೇಸಿಂಗ್ ಕಾರು ‘ಓಲ್ಡ್ ನಂಬರ್ ಒನ್’ ಎಂದು ಪ್ರಸಿದ್ಧವಾಯಿತು. 1929ರ ಜೂನ್‌ನಲ್ಲಿ ಬರ್ನಾಟೊ ಮತ್ತು ಟಿಮ್ ಬರ್ಕಿನ್ ಇದರಲ್ಲಿ ಲೆ ಮಾನ್ ಗೆದ್ದರು. ಆ ವರ್ಷ ಮೊದಲ ನಾಲ್ಕೂ ಸ್ಥಾನಗಳು ಬೆಂಟ್ಲಿಯ ಪಾಲಾದವು. 1930ರ ಜೂನ್ 21 ಮತ್ತು 22ರಂದು ಬರ್ನಾಟೊ, ಗ್ಲೆನ್ ಕಿಡ್‌ಸ್ಟನ್ ಜೊತೆಗೂಡಿ ಅದೇ ಹೆಸರಿನ ಕಾರಿನಲ್ಲಿ ಮತ್ತೆ ಗೆದ್ದರು. ‘ಅದೇ ಹೆಸರಿನ’ ಎಂಬ ಎಚ್ಚರಿಕೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೋಟಿ ಪೌಂಡಿನ ಜಗಳದ ಬೀಜ ಅಲ್ಲಿಯೇ ಇದೆ. ರೇಸಿಂಗ್ ಕಾರನ್ನು ಪ್ರತಿ ಸ್ಪರ್ಧೆಗೂ ಬಿಚ್ಚಿ ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸುವುದು ಆ ಕಸುಬಿನ ನಿತ್ಯಕರ್ಮ.

ಗೆಲುವು ಸಂಸ್ಥೆಯನ್ನು ಉಳಿಸಲಿಲ್ಲ. ಆರ್ಥಿಕ ಮಹಾಕುಸಿತದ ಹೊಡೆತಕ್ಕೆ ಸಿಕ್ಕಿದ ಬೆಂಟ್ಲಿ ಮೋಟಾರ್ಸ್ 1931ರಲ್ಲಿ ದಿವಾಳಿಯಾಗಿ ರೋಲ್ಸ್ ರಾಯ್ಸ್ ಸಂಸ್ಥೆಯ ವಶವಾಯಿತು. ಕಾರಿನ ಕಥೆ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಎಂಟು ಲೀಟರಿನ ಇಂಜಿನ್ ಅಳವಡಿಸಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಸ್ಪರ್ಧೆಗೆ ಸಜ್ಜುಗೊಳಿಸಲಾಯಿತು. 1932ರ ಸೆಪ್ಟೆಂಬರ್ 24ರಂದು ಆ ಸ್ಪರ್ಧೆಯಲ್ಲಿ ಕಾರು ಇಳಿಜಾರಾದ ಪಥದ ಅಂಚನ್ನು ದಾಟಿ ಹಾರಿ, ಚಾಲಕ ಕ್ಲೈವ್ ಡನ್‌ಫೀ ಸ್ಥಳದಲ್ಲೇ ಅಸುನೀಗಿದರು. ಜಖಂಗೊಂಡ ಕಾರನ್ನು ಗುಜರಿಗೆ ಹಾಕದೆ ಬರ್ನಾಟೊ ಅದನ್ನು ರಸ್ತೆಯ ಮೇಲೆ ಓಡಿಸುವ ಮುಚ್ಚಿದ ಕೂಪೆಯಾಗಿ ಕಟ್ಟಿಸಿದರು. ಮುಂದಿನ ದಶಕಗಳಲ್ಲಿ ಅದು ಕೈಯಿಂದ ಕೈಗೆ ಸಾಗಿ ಕೊನೆಗೆ ಹಬ್ಬರ್ಡ್ ಎಂಬವರ ಸ್ವತ್ತಾಯಿತು. ಲೆ ಮಾನ್ ಕಾಲದ ತೆರೆದ ಬಾಡಿಯ ರೂಪವನ್ನು ಅದಕ್ಕೆ ಹೊಸದಾಗಿ ಕಟ್ಟಿ ಮರಳಿ ಕೊಡಲಾಯಿತು.

ನ್ಯಾಯಾಲಯದ ತೂಕ

ನ್ಯಾಯಮೂರ್ತಿ ಆಟನ್ ಅವರ ಮುಂದೆ ಕಾರಿನ ಪ್ರತಿಯೊಂದು ಅಂಗದ ಜಾತಕ ಬಂದಿತು. 1929ರಲ್ಲಿ ಗೆದ್ದ ಕಾರಿನದೆಂದು ನಿಶ್ಚಿತವಾಗಿ ಹೇಳಬಹುದಾದ ಭಾಗ ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಉಳಿದವು ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ ಮತ್ತು ಸ್ಟಿಯರಿಂಗ್ ಕಂಬ, ಇಷ್ಟೇ. ಚಾಸಿಸ್, ಆಕ್ಸಲ್ ಮುಂತಾದ ಮುಖ್ಯ ಭಾಗಗಳು 1932ರಲ್ಲಿ ಅಪಘಾತಕ್ಕೀಡಾದ ಕಾರಿನವು. ಕಬ್ಬಿಣವನ್ನು ಮಾತ್ರ ತೂಗಿದ್ದರೆ ಮಾಲೀಕರ ಪಕ್ಷ ಅಲ್ಲಿಗೇ ಸೋಲಬೇಕಿತ್ತು.

ಆದರೆ ನ್ಯಾಯಮೂರ್ತಿಗಳು ಕಬ್ಬಿಣದ ಜೊತೆಗೆ ಕಾಲವನ್ನೂ ತೂಗಿದರು. ಈ ಕಾರನ್ನು ‘ಮೂಲ’ ಕಾರು ಎನ್ನಲಾಗದು ಎಂದು ಒಪ್ಪಿದರು. ಆದರೆ ಇದು ನಕಲೂ ಅಲ್ಲ, ಸತ್ತು ಮತ್ತೆ ಹುಟ್ಟಿಬಂದದ್ದೂ ಅಲ್ಲ ಎಂದರು. ಹಾಗೆನ್ನಲು ನಡುವೆ ಎಲ್ಲಿಯಾದರೂ ಕಾರು ಇಲ್ಲವಾಗಿರಬೇಕು. ಅಂತಹ ಗಳಿಗೆಯೇ ಇದರ ಚರಿತ್ರೆಯಲ್ಲಿಲ್ಲ. ಹೊಸ ಭಾಗಗಳು ಒಂದೊಂದಾಗಿ ಬಂದು ಹಳೆಯ ಕಾರಿನಲ್ಲಿ ಲೀನವಾದವು; ಯಾವ ಹಂತದಲ್ಲಿಯೂ ಕಾರು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ. ಆದುದರಿಂದ ಇದು ಅಧಿಕೃತವಾದ ಓಲ್ಡ್ ನಂಬರ್ ಒನ್ ಎಂದು ತೀರ್ಮಾನಿಸಿ ಮಾಲೀಕರ ಪರವಾಗಿ ತೀರ್ಪಿತ್ತರು.

ನಮ್ಮವರಿಗೆ ಈ ತರ್ಕ ಹೊಸದೇನಲ್ಲ. ನಮ್ಮೂರಿನ ತೇರಿನ ಗಾಲಿಯನ್ನು ಒಂದು ವರ್ಷ ಬದಲಿಸಿರುತ್ತಾರೆ, ಇನ್ನೊಂದು ವರ್ಷ ಅಚ್ಚನ್ನು, ಮತ್ತೊಮ್ಮೆ ಮೇಲಿನ ಮರಗೆಲಸವನ್ನು. ಆದರೂ ಜಾತ್ರೆಯ ದಿನ ಎಳೆಯುವುದು ಅದೇ ತೇರು. ಕಂಪನಿ ಕಾನೂನಿನ ‘ನಿರಂತರ ಅಸ್ತಿತ್ವ’ದ ತತ್ತ್ವವೂ ಇದೇ. ಷೇರುದಾರರು, ನಿರ್ದೇಶಕರು, ನೌಕರರು ಎಲ್ಲರೂ ಬದಲಾದರೂ ಕಂಪನಿಯು ಅದೇ ಕಂಪನಿ. ಏಕೆಂದರೆ ನೋಂದಣಿಯಿಂದ ಇಂದಿನವರೆಗೆ ಅದರ ದಾಖಲೆಯ ಸರಪಳಿ ಎಲ್ಲಿಯೂ ತುಂಡಾಗಿಲ್ಲ.

ವ್ಯಾಪಾರಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಲೇಬೇಕೆಂಬುದು ನಮ್ಮ ಸರಕುಗಳ ಮಾರಾಟ ಕಾಯಿದೆಯ 15ನೇ ಪ್ರಕರಣದ ಷರತ್ತು. ಆ ಕಾಯಿದೆ ಜಾರಿಗೆ ಬಂದದ್ದು 1930ರ ಜುಲೈ 1ರಂದು, ಓಲ್ಡ್ ನಂಬರ್ ಒನ್ ಎರಡನೆಯ ಬಾರಿ ಲೆ ಮಾನ್ ಗೆದ್ದ ಒಂಬತ್ತು ದಿನಗಳ ಅನಂತರ. ‘ಮೂಲ’, ‘ಅಸಲಿ’, ‘ಜೀರ್ಣೋದ್ಧಾರಗೊಂಡ’ ಎಂಬ ಪದಗಳನ್ನು ಕರಾರುಪತ್ರದಲ್ಲಿ ಬರೆಯುವ ಮುನ್ನ ಪ್ರತಿಯೊಂದಕ್ಕೂ ಪುರಾವೆ ಕೈಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ನಮ್ಮ ನಿಯಮಗಳ ಕಣ್ಣಿನಲ್ಲಿ

ಇದೇ ಕಾರು ನಮ್ಮ ದೇಶದಲ್ಲಿ ನೋಂದಣಿಗೆ ಬಂದಿದ್ದರೆ ಏನಾಗುತ್ತಿತ್ತು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡಿರುವ, ಚಾಸಿಸ್, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಈ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಮಾಡಲಾಯಿತು. ನೋಂದಣಿಯ ಅವಧಿ 10 ವರ್ಷ. ಮೊದಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ವಾಹನದ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಸೇರುತ್ತವೆ. ಇಂತಹ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ.

ಎಂಟು ಲೀಟರಿನ ಇಂಜಿನ್ ಪಡೆದು ಮೂರು ಬಾರಿ ಬಾಡಿಯ ರೂಪ ಬದಲಿಸಿದ ಓಲ್ಡ್ ನಂಬರ್ ಒನ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಅಂದರೆ ‘ಅದೇ ವಸ್ತುವೇ?’ ಎಂಬ ಪ್ರಶ್ನೆಗೆ ಕರಾರಿನ ಕಾನೂನು ಒಂದು ಉತ್ತರ ಕೊಟ್ಟರೆ ನೋಂದಣಿಯ ನಿಯಮ ಬೇರೊಂದು ಉತ್ತರ ಕೊಡುತ್ತದೆ.

ತೆರಿಗೆಯ ಕಾನೂನಿಗೆ ಮೂರನೆಯ ಉತ್ತರವಿದೆ. 1961ರ ಆದಾಯ ತೆರಿಗೆ ಕಾಯಿದೆಯಡಿ ಯಂತ್ರದ ‘ಚಾಲ್ತಿ ದುರಸ್ತಿ’ಯ ವೆಚ್ಚವನ್ನು ಆದಾಯದಿಂದ ಕಳೆಯಲು ಅವಕಾಶವಿತ್ತು. ಇರುವ ಸ್ವತ್ತನ್ನು ಕಾಪಾಡುವುದಷ್ಟೇ ದುರಸ್ತಿ. ಹೊಸ ಸ್ವತ್ತನ್ನು ಹುಟ್ಟಿಸುವುದು ದುರಸ್ತಿಯಲ್ಲ ಎಂಬುದು ನ್ಯಾಯಾಲಯಗಳು ಹಾಕಿಕೊಟ್ಟ ಗೆರೆ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಚಿತ್ರಮಂದಿರವೊಂದಕ್ಕೆ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವಿದ್ಯುತ್ ತಂತಿ ಎಲ್ಲವನ್ನೂ ಹಾಕಿಸಿದ್ದ ವೆಚ್ಚವು ಚಾಲ್ತಿ ದುರಸ್ತಿಯಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ನೂಲಿನ ಗಿರಣಿಯ ರಿಂಗ್ ಫ್ರೇಮನ್ನೇ ಬದಲಿಸಿದ್ದು ದುರಸ್ತಿಯಲ್ಲವೆಂದು 2007ರಲ್ಲಿ ಸ್ಪಷ್ಟಪಡಿಸಿತು. ಕಾರನ್ನು ಬಿಚ್ಚಿ ಕಟ್ಟುವವರೂ ಗಿರಣಿಯನ್ನು ಬಿಚ್ಚಿ ಕಟ್ಟುವವರೂ ಎದುರಿಸಬೇಕಾದ ಪ್ರಶ್ನೆ ಒಂದೇ: ಉಳಿಸಿದ್ದೆಷ್ಟು, ಹೊಸದಾಗಿ ಕಟ್ಟಿದ್ದೆಷ್ಟು?

ಮಾರಾಟದ ಲಾಭದ ವಿಷಯದಲ್ಲಿ ಬಾಂಬೆ ಹೈಕೋರ್ಟು 2024ರಲ್ಲಿ ನೀಡಿದ ತೀರ್ಪು ಹಳೆಯ ಕಾರಿನ ಪ್ರತಿಯೊಬ್ಬ ಮಾಲೀಕರೂ ತಿಳಿದಿರಬೇಕಾದದ್ದು. ತೆರಿಗೆದಾರರೊಬ್ಬರು 1931ರ ಫೋರ್ಡ್ ಟೂರರ್ ಕಾರನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು, 1992-93ರ ಕರನಿರ್ಧಾರಣಾ ವರ್ಷಕ್ಕೆ ಸಂಬಂಧಿಸಿದ ಅವಧಿಯಲ್ಲಿ 21 ಲಕ್ಷ ರೂಪಾಯಿಗೆ ಮಾರಿದ್ದರು. ಸ್ವಂತ ಬಳಕೆಯ ಚರಸ್ವತ್ತಿಗೆ ಇದ್ದ ವಿನಾಯಿತಿಯನ್ನು ಅವರು ಕೇಳಿದರು. ಕಾರು ಸ್ವಂತ ಬಳಕೆಗೆ ಯೋಗ್ಯವಾಗಿತ್ತು ಎಂದರೆ ಸಾಲದು, ನಿಜವಾಗಿ ಬಳಸಿದ್ದಕ್ಕೆ ಪುರಾವೆ ಬೇಕು ಎಂದು ನ್ಯಾಯಾಲಯ ಹೇಳಿತು. ಆ ಪುರಾವೆ ಇಲ್ಲದ ಕಾರಣ ಲಾಭವು ತೆರಿಗೆಗೆ ಒಳಪಟ್ಟಿತು. ಮೂರು ದಶಕಗಳ ವ್ಯಾಜ್ಯವನ್ನು ಕೊನೆಗೊಳಿಸಿದ್ದು ಪುರಾವೆಯ ಅಭಾವವೇ.

ನನ್ನ ತಪ್ಪಿನ ಲೆಕ್ಕ

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಎಣ್ಣೆ ಗಿರಣಿ ನಡೆಸುವ ಮನೆತನವೊಂದು ಬಹುಕಾಲದಿಂದ ನನ್ನ ಕಕ್ಷಿದಾರರು. ಅವರ ಅಜ್ಜ 1948ರಲ್ಲಿ ಮಾರಿಸ್ ಎಯ್ಟ್ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಅಪ್ಪ 1989ರಲ್ಲಿ ಅದನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಿದ್ದರು. ಕೆಲಸ ಸುಮಾರು ಒಂದು ವರ್ಷ ನಡೆದಿತ್ತು.

2006ರಲ್ಲಿ ಗಿರಣಿಯ ಕಚೇರಿ ಹೊಸ ಕಟ್ಟಡಕ್ಕೆ ಸಾಗುವಾಗ ‘ಹಳೆಯ ವೋಚರುಗಳನ್ನು ಏನು ಮಾಡಲಿ?’ ಎಂದು ಯಜಮಾನರು ಕೇಳಿದರು. ಕಾನೂನಿನಂತೆ ಇಡಬೇಕಾದ ವರ್ಷಗಳನ್ನು ಎಣಿಸಿ, ಉಳಿದದ್ದನ್ನು ವಿಲೇವಾರಿ ಮಾಡಬಹುದೆಂದು ನಾನು ಪಟ್ಟಿ ಬರೆದುಕೊಟ್ಟೆ. ಏಳು ಮೂಟೆ ಕಾಗದ ರದ್ದಿ ಅಂಗಡಿಗೆ ಹೋಯಿತು. ಕಾನೂನಿನ ದೃಷ್ಟಿಯಿಂದ ನನ್ನ ಸಲಹೆಯಲ್ಲಿ ದೋಷವಿರಲಿಲ್ಲ. ಆ ಮೂಟೆಗಳಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ ಎಂಬುದೇ ದೋಷ. ಕಾರಿನ ಜೀರ್ಣೋದ್ಧಾರದ ಪ್ರತಿಯೊಂದು ಬಿಲ್ಲೂ, ಗ್ಯಾರೇಜಿನವರು ಭಾಗಗಳ ಸಂಖ್ಯೆ ಬರೆದುಕೊಟ್ಟಿದ್ದ ಚೀಟಿಗಳೂ ಅವುಗಳಲ್ಲಿಯೇ ಇದ್ದವು.

ಯಜಮಾನರು ತೀರಿಕೊಂಡ ಬಳಿಕ 2022ರಲ್ಲಿ ಇಬ್ಬರು ಮಕ್ಕಳ ನಡುವೆ ಪಾಲು ನಡೆಯಿತು. ಜಮೀನು, ಗಿರಣಿ, ಮನೆ ಎಲ್ಲವೂ ಒಂದೇ ದಿನದಲ್ಲಿ ಇತ್ಯರ್ಥವಾದವು. ಕಾರಿನ ಬಳಿ ಮಾತು ನಿಂತಿತು. ‘ಇದು ಅಜ್ಜನ ಕಾರು ಸಾರ್, ಇದಕ್ಕೆ ಬೆಲೆ ಕಟ್ಟೋದು ಹೇಗೆ?’ ಎಂದರು ಅಣ್ಣ. ‘ಅಜ್ಜನದು ಅಂತ ಉಳಿದಿರೋದು ನಂಬರ್ ಪ್ಲೇಟ್ ಒಂದೇ’ ಎಂದರು ತಮ್ಮ. ಲಂಡನ್ನಿನ ವ್ಯಾಜ್ಯ ನಮ್ಮ ಗಿರಣಿಯ ಪಡಸಾಲೆಗೇ ಬಂದು ಕುಳಿತಂತಾಯಿತು.

ಬೆಲೆ ಕಟ್ಟಲು ಬಂದ ತಜ್ಞರು ಕೇಳಿದ್ದು ಒಂದೇ ಪ್ರಶ್ನೆ: 1989ರಲ್ಲಿ ಇಂಜಿನ್ನಿನ ಬ್ಲಾಕನ್ನು ದುರಸ್ತಿ ಮಾಡಿಸಿದರೋ, ಬದಲಾಯಿಸಿದರೋ? ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದ ಆರ್.ಸಿ. ಪುಸ್ತಕದಲ್ಲಿ ಇಂಜಿನ್ ಸಂಖ್ಯೆಯ ಸಾಲನ್ನು ಗೆದ್ದಲು ತಿಂದಿತ್ತು. ಬಿಲ್ಲು ತೋರಿಸಿ ಎಂದಾಗ ಅಣ್ಣ ನನ್ನ ಮುಖ ನೋಡಿದರು. ಅವರು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ನಮ್ಮ ಕೈ ಹಿಡಿದದ್ದು ಹಿರಿಯರ ಒಂದು ರೂಢಿ. ದೀಪಾವಳಿಯಲ್ಲಿ ಪೂಜೆ ಮಾಡಿದ ಕಿರ್ದಿ ಪುಸ್ತಕಗಳನ್ನು ಆ ಮನೆಯವರು ಎಂದೂ ರದ್ದಿಗೆ ಹಾಕಿದವರಲ್ಲ. ದೇವರ ಕೋಣೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಪುಸ್ತಕಗಳನ್ನು ಇಳಿಸಿ, ಸಹೋದರರಿಬ್ಬರೂ ನಾನೂ ಎರಡು ದಿನ ಕುಳಿತು ಹಾಳೆ ತಿರುವಿದೆವು. 1948ರ ಖರೀದಿಯ ಮೊಬಲಗು ಸಿಕ್ಕಿತು. ನಡುವಿನ ವರ್ಷಗಳಲ್ಲಿ ಟೈರು, ಬ್ಯಾಟರಿ, ವಿಮೆಯ ಕಂತು ಸಿಕ್ಕವು. 1989ರ ಪುಸ್ತಕದಲ್ಲಿ ಯಜಮಾನರ ಕೈಬರಹದಲ್ಲಿ ಒಂದು ಸಾಲು ಇತ್ತು: ಮೋಟಾರಿನ ಇಂಜಿನ್ ಬೋರ್ ಮಾಡಿಸಿದ ಬಾಬ್ತು. ಹಳೆಯ ಬ್ಲಾಕನ್ನು ಉಳಿಸಿಕೊಂಡವರಷ್ಟೇ ಅದನ್ನು ಬೋರ್ ಮಾಡಿಸುತ್ತಾರೆ.

ತಜ್ಞರು ಆ ಸಾಲನ್ನು ಪರಿಗಣಿಸಿದರು, ಆದರೆ ಪೂರ್ತಿಯಾಗಿ ಅಲ್ಲ. ಸಂಖ್ಯೆಯಿರುವ ಬಿಲ್ಲು ಇದ್ದಿದ್ದರೆ ಬೆಲೆ ಹೆಚ್ಚುತ್ತಿತ್ತೆಂದು ವರದಿಯಲ್ಲಿಯೇ ಬರೆದರು. ಆ ವ್ಯತ್ಯಾಸವು ನನ್ನ ಪಟ್ಟಿಯ ಬೆಲೆ. ತಮ್ಮ ಮಾತ್ರ ಆ ಸಾಲನ್ನು ಓದಿದ ಮೇಲೆ ನಂಬರ್ ಪ್ಲೇಟಿನ ಮಾತನ್ನು ಮತ್ತೆ ಆಡಲಿಲ್ಲ. ವರದಿಯ ಬೆಲೆಯಲ್ಲಿ ಅರ್ಧವನ್ನು ತಮ್ಮನಿಗೆ ಕೊಟ್ಟು ಅಣ್ಣ ಕಾರನ್ನು ಇಟ್ಟುಕೊಂಡರು.

ಸದಸ್ಯರು ಪಾಲಿಸಬಹುದಾದ ಕ್ರಮಗಳು

1. ತಲೆಮಾರು ದಾಟುವ ಸ್ವತ್ತು ಯಾವುದೇ ಇರಲಿ, ಕಾರು, ಯಂತ್ರ, ಕಟ್ಟಡ, ಅದಕ್ಕೆ ಪ್ರತ್ಯೇಕ ಕಡತವನ್ನು ತೆರೆಯಿರಿ. ವೋಚರುಗಳ ವಿಲೇವಾರಿಯ ನಿಯಮವನ್ನು ಈ ಕಡತಕ್ಕೆ ಅನ್ವಯಿಸಬೇಡಿ. ಕಾನೂನು ಹೇಳುವುದು ಕನಿಷ್ಠ ಅವಧಿಯನ್ನು ಮಾತ್ರ.

2. ಮಾಲೀಕತ್ವದ ಸರಪಳಿಯನ್ನು ಅಂದಂದಿಗೆ ಪೂರ್ಣಗೊಳಿಸಿ. ವಾಹನದ ಮಾಲೀಕರು ಮೃತರಾದರೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಎರಡು ತಲೆಮಾರು ಸುಮ್ಮನಿದ್ದು ಮೂರನೆಯ ತಲೆಮಾರಿನಲ್ಲಿ ಓಡಾಡುವುದು ದುಬಾರಿ.

3. ದುರಸ್ತಿಯ ಬಿಲ್ಲಿನಲ್ಲಿ ಮೊತ್ತವಷ್ಟೇ ಇದ್ದರೆ ಸಾಲದು. ಯಾವ ಭಾಗ, ಅದರ ಸಂಖ್ಯೆಯೇನು, ದುರಸ್ತಿಯೋ ಬದಲಾವಣೆಯೋ ಎಂಬುದನ್ನು ಬರೆಸಿಕೊಳ್ಳಿ. ಕೆಲಸದ ಮೊದಲು ಮತ್ತು ಅನಂತರ ಛಾಯಾಚಿತ್ರ ತೆಗೆಸಿ.

4. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕದಿರಿ. ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಅವು ಕಬ್ಬಿಣವಾಗಿ ನಿರುಪಯೋಗಿ, ಸಾಕ್ಷಿಯಾಗಿ ಅಮೂಲ್ಯ.

5. ಸ್ವಂತ ಬಳಕೆಯ ಸ್ವತ್ತೆಂದು ಹೇಳಬೇಕಾಗಿ ಬಂದರೆ ಬಳಸಿದ್ದಕ್ಕೆ ಪುರಾವೆ ಇರಲಿ: ವಿಮೆ, ಇಂಧನ, ನಿರ್ವಹಣೆಯ ವೆಚ್ಚ ಇತ್ಯಾದಿ. ಸಂಸ್ಥೆಯ ಲೆಕ್ಕದಲ್ಲಿ ವೆಚ್ಚ ಬರೆದು, ಮಾರುವಾಗ ಮನೆಯ ಕಾರು ಎಂದರೆ ವಾದ ನಿಲ್ಲದು. 1961ರ ಕಾಯಿದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಮಾರಾಟಕ್ಕೆ ಮೊದಲು ಹೊಸ ಪ್ರಕರಣಗಳನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಉಚಿತ.

6. ಮಾರಾಟದ ಕರಾರಿನಲ್ಲಿ ‘ಮೂಲ’ ಎಂಬ ಒಂದು ಪದದ ಬದಲಿಗೆ ಯಾವ ಭಾಗ ಯಾವ ಕಾಲದ್ದೆಂಬ ಪಟ್ಟಿಯನ್ನು ಲಗತ್ತಿಸಿ. ಓಲ್ಡ್ ನಂಬರ್ ಒನ್ ಪ್ರಕರಣದಲ್ಲಿ ನ್ಯಾಯಾಲಯವೇ ಆ ಪಟ್ಟಿಯನ್ನು ತಯಾರಿಸಬೇಕಾಯಿತು.

ಉಪಸಂಹಾರ

ಲೆಕ್ಕಪರಿಶೋಧಕರು ಸ್ವತ್ತಿಗೆ ಸವಕಳಿ ಹಾಕುತ್ತ ಹೋಗುತ್ತೇವೆ. ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಉಳಿಯುತ್ತದೆ. ಆ ಹೊತ್ತಿಗೆ ಅದರ ಕಾಗದಗಳೂ ಬೇಡವಾದಂತೆ ತೋರುತ್ತವೆ. ಆದರೆ ಕೆಲವು ಸ್ವತ್ತುಗಳ ನಿಜವಾದ ಬೆಲೆ ಏರಲಾರಂಭಿಸುವುದು ಪುಸ್ತಕದ ಬೆಲೆ ಒಂದು ರೂಪಾಯಿಗೆ ಇಳಿದ ಬಳಿಕವೇ. ಬೆಂಟ್ಲಿಯನ್ನು ಉಳಿಸಿದ್ದು ಅದರ ಉಕ್ಕಲ್ಲ, ತುಂಡಾಗದ ಅದರ ಚರಿತ್ರೆ. ಆ ಚರಿತ್ರೆಯನ್ನು ನ್ಯಾಯಾಲಯದ ಮುಂದೆ ಸಾಬೀತುಪಡಿಸಲು ಸಾಧ್ಯವಾದುದರಿಂದಲೇ ಅದಕ್ಕೆ ಬೆಲೆ ಬಂದಿತು.

ಕಳೆದ ದೀಪಾವಳಿಯಂದು ಗಿರಣಿಯ ಪೂಜೆಗೆ ಹೋಗಿದ್ದೆ. ಮಾರಿಸ್ ಕಾರಿಗೆ ಹೂವಿನ ಹಾರ ಹಾಕಿದ್ದರು. ಅಣ್ಣ ನನ್ನನ್ನು ಕರೆದು ನೀಲಿ ಬಣ್ಣದ ಕಡತವೊಂದನ್ನು ತೋರಿಸಿದರು. ಮೊದಲ ಪುಟದಲ್ಲಿ 1989ರ ಕಿರ್ದಿಯ ಆ ಹಾಳೆಯ ನಕಲು, ಕೊನೆಯ ಪುಟದಲ್ಲಿ ಹಿಂದಿನ ವಾರ ಹಾಕಿಸಿದ ಹೊಸ ಬ್ಯಾಟರಿಯ ಬಿಲ್ಲು. ‘ಇದನ್ನ ಎಷ್ಟು ವರ್ಷ ಇಡಬೇಕು ಸಾರ್?’ ಎಂದು ಕೇಳಿ ನಕ್ಕರು. ಈ ಬಾರಿ ನಾನು ವರ್ಷಗಳನ್ನು ಎಣಿಸಲಿಲ್ಲ.